ಎಫಿ ಗ್ರಿಮ್‌ಶಾ ಬರೆಯದೆ ಬಿಟ್ಟ ಸಾಲು

ಹಾಲ್ಡನ್‌ಶಾ ಊರಿನ ಕೊರೊನೆಟ್ ನಾಟಕಶಾಲೆಯ ಹಿಂಬಾಗಿಲಿಗೆ ನೇರ ಎದುರು ನನ್ನ ಅಂಗಡಿ. ತಂಬಾಕು, ಸಿಗರೇಟು, ಗಾಜಿನ ಭರಣಿಗಳಲ್ಲಿ ಮಿಠಾಯಿ, ಒಳಗೋಡೆಯ ಉದ್ದಕ್ಕೂ ವಾರಕ್ಕೆ ಎರಡು ಪೆನ್ನಿ ಬಾಡಿಗೆಯ ಕಾದಂಬರಿಗಳು. ಮುಂಬಾಗಿಲಲ್ಲಿ ಟಿಕೆಟ್ ಕೊಂಡು ಹೋದವರಿಗೆ ನಟರು ರಾಜರಾಗಿಯೋ ಸರದಾರರಾಗಿಯೋ ಕಾಣುತ್ತಾರೆ. ನನಗೆ ಇಪ್ಪತ್ತಾರು ವರ್ಷದಿಂದ ಅವರು ನೆಗಡಿ ಹಿಡಿದ ಗಿರಾಕಿಗಳು.

ಆ ಹಿಂಬಾಗಿಲಿನಿಂದ ಬರುವವರಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದವಳು ಮಿಸ್ ಎಫಿ ಗ್ರಿಮ್‌ಶಾ. ಆಕೆ ಪ್ರಾಂಪ್ಟರ್. ರಂಗದ ಎಡಗಡೆ ಪರದೆಯ ಮರೆಯಲ್ಲಿ ಒಂದು ಸ್ಟೂಲು, ತೊಡೆಯ ಮೇಲೆ ನಾಟಕದ ಪ್ರತಿ, ಒಂದು ಸಣ್ಣ ದೀಪ. ಮಾತು ಮರೆತವನಿಗೆ ಅಲ್ಲಿಂದ ಪಿಸುಗುಟ್ಟಿ ಮಾತು ಕೊಡುವುದು ಕೆಲಸ. ಕೊರೊನೆಟ್‌ನಲ್ಲಿ ಪ್ರತಿ ಸೋಮವಾರ ಹೊಸ ನಾಟಕ. ಹಾಗಾಗಿ ನಟರು ಈ ವಾರದ್ದನ್ನು ಆಡುತ್ತ, ಬರುವ ವಾರದ್ದನ್ನು ಬಾಯಿಪಾಠ ಮಾಡುತ್ತ, ಹೋದ ವಾರದ್ದನ್ನು ಮರೆಯಬೇಕು. ಬಹಳ ಮಂದಿ ಮೂರನ್ನೂ ಒಟ್ಟಿಗೆ ಮರೆಯುತ್ತಿದ್ದರು. ಎಫಿಗೆ ಕೈತುಂಬ ಕೆಲಸ.

ಇಪ್ಪತ್ತೆರಡು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಆಕೆಯ ಗಂಟಲಲ್ಲಿ ಬೇರೆ ದನಿಯೇ ಉಳಿದಿರಲಿಲ್ಲ. ಗುರುವಾರ ಗುರುವಾರ ಅಂಗಡಿಗೆ ಬಂದು, "ಕಾಲು ಪೌಂಡ್ ಪುದೀನಾ ಮಿಠಾಯಿ, ಮಿಸ್ಟರ್ ರಾಥ್‌ವೆಲ್," ಎಂದು ಉಸುರುತ್ತಿದ್ದಳು. ಪಕ್ಕದಲ್ಲಿ ನಿಂತ ಗಿರಾಕಿಗಳು ಏನೋ ಗುಟ್ಟಿನ ವ್ಯವಹಾರವಿದೆಯೆಂದು ನನ್ನನ್ನು ಓರೆಗಣ್ಣಲ್ಲಿ ನೋಡುತ್ತಿದ್ದರು. ನಾನು ತೂಗಿ ಕೊಡುತ್ತಿದ್ದೆ.

ತೂಕದ ವಿಷಯ ಈಗಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ತಂದೆಯ ಕಾಲದಿಂದಲೂ ಆ ತಕ್ಕಡಿಯ ತಟ್ಟೆಗೂ ನಮ್ಮ ಮನೆಯ ಹೆಬ್ಬೆರಳಿಗೂ ಒಂದು ತಿಳುವಳಿಕೆ ಇದೆ. ದೊಡ್ಡದಲ್ಲ, ಕಾಲು ಪೌಂಡಿಗೆ ಎರಡು ಮಿಠಾಯಿಯಷ್ಟು. ಯಾರೂ ನೋಡುವುದಿಲ್ಲವೆಂದು ನನ್ನ ನಂಬಿಕೆಯಾಗಿತ್ತು.

ಮೂವತ್ತನಾಲ್ಕನೇ ಇಸವಿಯ ನವೆಂಬರ್‌ನ ಒಂದು ಗುರುವಾರ ಎಫಿ ಮಿಠಾಯಿ ಕೇಳಲಿಲ್ಲ. ಕಂದು ಕಾಗದದ ಒಂದು ಕಟ್ಟನ್ನು ಗಲ್ಲಾದ ಮೇಲಿಟ್ಟಳು.

"ನಾನು ಬರೆದಿದ್ದು. ಪತ್ತೇದಾರಿ. ಇದು ಓಡುತ್ತಾ ಅಂತ ನೀವು ನೋಡಿ ಹೇಳ್ಬೇಕು."

"ಲಂಡನ್ನಿನಲ್ಲಿ ಅದನ್ನ ಹೇಳೋಕೇ ಅಂತ ಜನ ಕೂತಿದ್ದಾರಲ್ಲ, ಮಿಸ್ ಗ್ರಿಮ್‌ಶಾ."

"ಅವರಿಗೂ ಕಳಿಸಿದೀನಿ. ಆದರೆ ಓದೋರ ಕೈ ನೋಡಿರೋದು ನೀವು."

ಅದು ನಿಜ. ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ಅಂಚು ಎಷ್ಟು ಬೇಗ ಕೊಳೆಯಾಗುತ್ತದೆ ಎನ್ನುವುದು ಮಾತ್ರ ತಿಳಿಯುತ್ತದೆ. ಅಂದು ಓದಲು ಕುಳಿತವನು ಟೋಸ್ಟಿನ ಬೆಣ್ಣೆಯನ್ನು ನಾಲ್ಕು ಹಾಳೆಗೆ ಬಳಿದೆ. ಇದು ಓಡುತ್ತದೆ ಎಂದು ಆಗಲೇ ಗೊತ್ತಾಯಿತು.

ಕಥೆ ಒಂದು ನಾಟಕಶಾಲೆಯದು. ನಾಯಕನಟ ರಂಗದ ಮೇಲೆ, ತುಂಬಿದ ಸಭೆಯ ಮುಂದೆ, ತನ್ನ ಡಬ್ಬಿಯಿಂದ ಒಂದು ಪುದೀನಾ ಮಿಠಾಯಿ ಬಾಯಿಗೆ ಹಾಕಿಕೊಂಡು ಧೊಪ್ಪನೆ ಬೀಳುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ, ಏಕೆಂದರೆ ಅವನು ನಾನೂರು ಸಲ ಹಾಗೆ ಸತ್ತು ತೋರಿಸಿದವನು. ಕುಡಿದು ಬಂದ ವೈದ್ಯನೊಬ್ಬ ನಾಡಿ ಹಿಡಿದ ಹಾಗೆ ಮಾಡಿ, ಸತ್ತನೆಂದು ಬರೆದುಕೊಟ್ಟು ಹೋಗುತ್ತಾನೆ. ಒಂಬತ್ತನೇ ಅಧ್ಯಾಯದಲ್ಲಿ ಮ್ಯಾನೇಜರ್ ವೇಷಭೂಷಣದ ಪೆಟ್ಟಿಗೆಯಲ್ಲಿ ಹೆಣವಾಗಿ ಸಿಗುತ್ತಾನೆ. ಎದುರಿಗೊಂದು ತಂಬಾಕಿನ ಅಂಗಡಿಯೂ ಇದೆ. ಅಂಗಡಿಯವನ ವಿಷಯ ಎಂಟನೇ ಪುಟದಲ್ಲಿ ಹೀಗೆ ಬರೆದಿದ್ದಳು: "ಅವನ ಹೆಬ್ಬೆರಳು ತಕ್ಕಡಿಯ ಮೇಲೆ, ಬಿಸಿಲಿಗೆ ಮಲಗಿದ ಬೆಕ್ಕಿನಂತೆ, ನಿರಾಳವಾಗಿ ಒರಗಿತ್ತು." ಸಾಹಿತಿಗಳು ಏನೇನೋ ಅಲಂಕಾರ ಮಾಡುತ್ತಾರೆ ಎಂದುಕೊಂಡು ನಾನು ಮುಂದೆ ಹೋದೆ.

ಇನ್ನೂರ ನಲವತ್ತನೇ ಪುಟದಲ್ಲಿ ಇನ್‌ಸ್ಪೆಕ್ಟರ್ ಎಲ್ಲರನ್ನೂ ರಂಗದ ಮೇಲೆ ಸೇರಿಸಿ, ಮಿಠಾಯಿ ಡಬ್ಬಿಯನ್ನು ಎತ್ತಿಹಿಡಿದು, "ಈ ಮುಚ್ಚಳದ ಮೇಲಿರುವ ಹೆಬ್ಬೆರಳಿನ ಗುರುತು ಹಳೆಯದಲ್ಲ. ಕೊಲೆಗಾರ ಬೇರೆ ಯಾರೂ ಅಲ್ಲ..." ಎನ್ನುತ್ತಾನೆ. ಅಲ್ಲಿಗೆ ಖಾಲಿ. ಹಾಳೆ ತಿರುಗಿಸಿದೆ, ಕಟ್ಟಿನ ಕಾಗದವನ್ನೂ ಕೊಡವಿದೆ. ಏನೂ ಇಲ್ಲ.

ಮರುದಿನ ಎಫಿಯನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಹಿಡಿದೆ. "ಒಂದು ಹಾಳೆ ಬಿದ್ದುಹೋಗಿದೆ ನೋಡಿ."

"ಬಿದ್ದಿಲ್ಲ. ಬರೆದಿಲ್ಲ."

"ಯಾಕೆ? ಯಾರು ಅಂತ ನಿಮಗೇ ಗೊತ್ತಿಲ್ವಾ?"

"ಗೊತ್ತಿದೆ, ಮಿಸ್ಟರ್ ರಾಥ್‌ವೆಲ್." ನನ್ನನ್ನು ಒಂದು ಘಳಿಗೆ ನೋಡಿದಳು. "ಕೊನೇ ಸಾಲು ಮೊದಲ ಪ್ರದರ್ಶನಕ್ಕೆ ಮುಂಚೆ ಆಡೋ ಹಾಗಿಲ್ಲ."

ಈ ಕಟ್ಟಳೆ ನಾಟಕದವರಿಗೆಲ್ಲ ಗೊತ್ತು. ತಾಲೀಮಿನಲ್ಲಿ ನಾಟಕದ ಕಟ್ಟಕಡೆಯ ಸಾಲನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಜಾಗಕ್ಕೆ ಬಂದಾಗ "ಟಂ ಟಟಂ ಟಂ" ಎಂದು ಮುಗಿಸುತ್ತಾರೆ. ಸೋಮವಾರ ಜನ ತುಂಬಿದ ಮೇಲೆಯೇ ಆ ಸಾಲು ಹೊರಬರಬೇಕು. ಹತ್ತೊಂಬತ್ತನೇ ಇಸವಿಯಲ್ಲಿ ಲೀಡ್ಸ್‌ನಿಂದ ಬಂದ ಒಬ್ಬ ಹೊಸಬ ಗೊತ್ತಿಲ್ಲದೆ ತಾಲೀಮಿನಲ್ಲೇ ಅದನ್ನು ಹೇಳಿಬಿಟ್ಟ. ಸೋಮವಾರ ಬಾಯ್ಲರ್ ಒಡೆಯಿತು, ಮಂಗಳವಾರ ನಾಯಕಿಗೆ ಸೀತಾಳೆ ಸಿಡುಬು, ಬುಧವಾರ ಪರದೆಯ ಹಗ್ಗಕ್ಕೆ ಭಾರವಾಗಿ ಕಟ್ಟಿದ್ದ ಮರಳಿನ ಮೂಟೆ ಮೇಲಿಂದ ಬಿದ್ದು ಪಿಯಾನೋ ಎರಡು ಹೋಳಾಯಿತು. ಪಿಯಾನೋ ಮುಂದೆ ಕೂತಿದ್ದವನು ಇವತ್ತಿಗೂ ನನ್ನ ಗಿರಾಕಿ. ಬಾಗಿಲು ದಾಟುವಾಗ ತಲೆ ಎತ್ತಿ ನೋಡಿಕೊಂಡೇ ಬರುತ್ತಾನೆ.

"ಇದು ನಾಟಕ ಅಲ್ಲವಲ್ಲ, ಪುಸ್ತಕ," ಅಂದೆ.

"ನಾನು ನಾಟಕದವಳಲ್ವಾ?"

ಇದಕ್ಕೆ ಉತ್ತರ ಬೇಕಾದದ್ದು ಮುಂದಿನ ಬುಧವಾರ, ಲಂಡನ್ನಿನ ಪ್ರಕಾಶಕರ ಕಾಗದ ಬಂದಾಗ. ಪುಸ್ತಕ ಮೆಚ್ಚಿಗೆಯಾಗಿದೆ, ಕೊನೆಯ ಹಾಳೆ ಅಂಚೆಯಲ್ಲಿ ಕಳೆದಿರುವಂತಿದೆ, ಬರುವ ಮಂಗಳವಾರದೊಳಗೆ ಅದು ತಲುಪಿದರೆ ವಸಂತಕ್ಕೆ ಅಚ್ಚು ಹಾಕುತ್ತೇವೆ, ತಲುಪದಿದ್ದರೆ ವಿಷಾದಪೂರ್ವಕವಾಗಿ ಹಿಂತಿರುಗಿಸುತ್ತೇವೆ. ಎಫಿ ಆ ಕಾಗದವನ್ನು ತಂದು ನನ್ನೆದುರು ಬಿಡಿಸಿಟ್ಟಳು.

ಗಲ್ಲಾದ ಮೇಲೆ ಆ ವಾರದ ನಾಟಕಕ್ಕೆ ದುಡಿದವರ ಅಚ್ಚಿನ ಪಟ್ಟಿ ಬಿದ್ದಿತ್ತು. ಅದರ ಮೇಲೆ ಬೆರಳಿಟ್ಟು ಹೇಳಿದಳು: "ಇಲ್ಲಿ ನೋಡಿ. ಕುರ್ಚಿ ಕೊಟ್ಟವರ ಹೆಸರಿದೆ. ಕಾಲುಚೀಲ ಕೊಟ್ಟವರ ಹೆಸರಿದೆ. 'ಸಿಗರೇಟು: ಎಸ್. ರಾಥ್‌ವೆಲ್' ಅಂತ ನಿಮ್ಮ ಹೆಸರೂ ಇದೆ. ಇಪ್ಪತ್ತೆರಡು ವರ್ಷ, ಸಾವಿರದ ಮೇಲೆ ನಾಟಕ. ನನ್ನದು ಒಂದು ಸಲವೂ ಬಂದಿಲ್ಲ. ಪ್ರಾಂಪ್ಟರ್ ಹೆಸರು ಹಾಕಿದ್ರೆ ನಟರಿಗೆ ಮಾತು ಬರಲ್ಲ ಅಂತ ಒಪ್ಪಿಕೊಂಡ ಹಾಗಂತೆ. ಒಂದು ಸಲ ಅಚ್ಚಾಗಿರೋದು ನೋಡ್ಬೇಕು ಅಂತ ಆಸೆ, ಅಷ್ಟೇ."

"ಹಾಗಿದ್ರೆ ಒಂದು ಸಾಲು ಬರೆದು ಹಾಕಿ."

"ಬರೆದರೆ ಪುಸ್ತಕಕ್ಕೆ ಏನಾದ್ರೂ ಆಗುತ್ತೆ. ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಬರೀಲಿ?"

ಅಷ್ಟು ಹೊತ್ತಿಗೆ ಪುಸ್ತಕದ ಸುದ್ದಿ ಕೊರೊನೆಟ್‌ಗೆ ಹರಡಿತ್ತು. ಹರಡಿದ್ದು ನಾನೇ. ಒಬ್ಬೊಬ್ಬರಾಗಿ ಬಂದು ಅಂಗಡಿಯ ಒಳಕೋಣೆಯಲ್ಲಿ ಅದನ್ನು ಓದಿ ಹೋಗುತ್ತಿದ್ದರು. ಮ್ಯಾನೇಜರ್ ಬಾರ್ಟ್ಲ್ ತನ್ನ ಹೆಣ ಪೆಟ್ಟಿಗೆಯಲ್ಲಿ ಸಿಗುವ ಭಾಗವನ್ನು ಎರಡು ಸಲ ಓದಿ, "ಪರವಾಗಿಲ್ಲ, ನನ್ನನ್ನೂ ಕೊಲ್ಲೋಷ್ಟು ದೊಡ್ಡ ಮನುಷ್ಯ ಅಂದ್ಕೊಂಡಿದ್ದಾರೆ," ಎಂದು ಖುಷಿಯಾಗಿ ಒಂದು ಚುರುಟು ಕೊಂಡ.

ನಾಯಕನಟ ಲಯೊನೆಲ್ ಡೆವರೋಗೆ ಮಾತ್ರ ಖುಷಿಯಾಗಲಿಲ್ಲ. ಡೆವರೋ ಎನ್ನುವುದು ರಂಗದ ಹೆಸರು, ಅಪ್ಪ ಇಟ್ಟದ್ದು ಹರ್ಬರ್ಟ್ ಕ್ಲೆಗ್. ಬೆಳ್ಳಿಹಿಡಿಯ ಊರುಗೋಲು, ಭುಜದ ಮೇಲೆ ಕೋಟು, ಒಂದು ಸಾಲೂ ನೆಟ್ಟಗೆ ನೆನಪಿರದ ತಲೆ. ಎಫಿ ಇರುವವರೆಗೆ ನೆನಪು ಯಾಕೆ ಎನ್ನುವ ಧೈರ್ಯ. ಅವಳು ಪಿಸುಗುಟ್ಟಿದ್ದನ್ನು ಆ ಗಂಟೆಯಂಥ ಕಂಠದಲ್ಲಿ ಎತ್ತಿ ಹೇಳಿಕೊಂಡೇ ಅವನು ಇಪ್ಪತ್ತೆರಡು ವರ್ಷ ದೊಡ್ಡ ನಟನಾಗಿದ್ದ.

"ಹತ್ತೊಂಬತ್ತನೇ ಪುಟ, ಸ್ಯಾಮ್," ಅಂದ ಅವನು ನನಗೆ. "ಇನ್ನೂರ ನಲವತ್ತು ಪುಟದ ಪುಸ್ತಕದಲ್ಲಿ ನಾನು ಹತ್ತೊಂಬತ್ತಕ್ಕೇ ಸಾಯ್ತೀನಿ."

"ಒಳ್ಳೇ ಸಾವು ಕೊಟ್ಟಿದ್ದಾಳಲ್ಲ. ಚಪ್ಪಾಳೆ ಬೇರೆ ಇದೆ."

"ಸಾವು ಚೆನ್ನಾಗಿದೆ. ಸಾವಿನ ಬಗ್ಗೆ ತಕರಾರಿಲ್ಲ. ಆಮೇಲೆ? ಆಮೇಲೆ ಇನ್ನೂರ ಇಪ್ಪತ್ತೊಂದು ಪುಟ ಬರೀ ಬಾರ್ಟ್ಲ್, ಪೊಲೀಸು, ಆ ತಂಬಾಕಿನವನು. ತಂಬಾಕಿನವನಿಗೆ ಹನ್ನೊಂದು ಕಡೆ ಮಾತಿದೆ, ಗೊತ್ತಾ? ಎಣಿಸಿದೀನಿ. ನೆಟ್ಟಗೆ ನಿಂತ್ಕೊಳ್ಳೋಕೆ ಬರದವನಿಗೆ ಹನ್ನೊಂದು."

"ಅವನು ಗಲ್ಲಾದ ಹಿಂದೆ ಇರ್ತಾನಲ್ಲ, ನಿಂತ್ಕೊಳ್ಳೋದು ಕಾಣ್ಸಲ್ಲ," ಅಂದೆ.

ನನಗೂ ಒಂದು ಚಿಂತೆ ಶುರುವಾಗಿತ್ತು. ಹನ್ನೊಂದು ಕಡೆ ಯಾಕೆ ಎಂದು ಯೋಚಿಸಿದೆನೋ ಅಂದರೆ, ಇಲ್ಲ. ನನ್ನ ಚಿಂತೆ ಗಿರಾಕಿಗಳದು. ಕಥೆಯನ್ನು ಗಲ್ಲಾದ ಹಿಂದೆ ನಿಂತು ಎಲ್ಲರಿಗೂ ಹೇಳಿಬಿಟ್ಟಿದ್ದೆ, ಈಗ ಕೊನೆ ಇಲ್ಲ. ನೂಲಿನ ಗಿರಣಿಯ ಮಿಸೆಸ್ ಟಾಟರ್ಸಾಲ್ ದಿನಾ ಬಂದು ಪೀಡಿಸುತ್ತಿದ್ದಳು. ವಾರಕ್ಕೆ ನಾಲ್ಕು ಪತ್ತೇದಾರಿ ಓದುವ ಹೆಂಗಸು. ಓದಿದ್ದು ನೆನಪಿರಲೆಂದು ಪ್ರತಿ ಪುಸ್ತಕದ ಹದಿನೇಳನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಾಳೆ, ಓದುವುದು ಕೊನೆಯ ಪುಟದಿಂದ. "ಕೊಲೆಗಾರ ಯಾರು ಅಂತ ಮೊದ್ಲೇ ಗೊತ್ತಿದ್ರೆ ಪುಸ್ತಕದಲ್ಲಿ ಒಬ್ಬಳೇ ಓಡಾಡೋಕೆ ಧೈರ್ಯ ಇರುತ್ತೆ, ಚಿನ್ನಾ," ಎನ್ನುವುದು ಅವಳ ವಾದ. ಕೊನೆಯ ಪುಟವೇ ಇಲ್ಲದ ಪುಸ್ತಕ ಅವಳಿಗೆ ಬಾಗಿಲೇ ಇಲ್ಲದ ಮನೆಯ ಹಾಗೆ.

ಶುಕ್ರವಾರ ಎಫಿಯನ್ನು ಒಳಗೆ ಕೂರಿಸಿ, ಚಹಾ ಕೊಟ್ಟು, ವ್ಯಾಪಾರದ ಮಾತು ತೆಗೆದೆ.

"ಮೊದಲ ಪ್ರದರ್ಶನ ಅಂದ್ರೆ ಏನು, ಮಿಸ್ ಗ್ರಿಮ್‌ಶಾ?"

"ಜನ ಇರಬೇಕು."

"ಎಂಥ ಜನ?"

"ದುಡ್ಡು ಕೊಟ್ಟವರು. ಪುಕ್ಕಟೆ ಪಾಸಿನವರು ಲೆಕ್ಕಕ್ಕಿಲ್ಲ."

"ಎಷ್ಟು ಮಂದಿ?"

"ರಂಗದ ಮೇಲಿರೋರಿಗಿಂತ ಒಬ್ಬರಾದ್ರೂ ಹೆಚ್ಚು. ಇಲ್ದಿದ್ರೆ ಅದು ತಾಲೀಮು."

"ರಂಗದ ಮೇಲೆ ನೀವೊಬ್ಬರು. ಮೂವತ್ತು ಜನ ನಾನು ತರ್ತೀನಿ, ತಲೆಗೆ ಎರಡು ಪೆನ್ನಿ. ಭಾನುವಾರ ಮೂರು ಗಂಟೆಗೆ, ಇದೇ ಅಂಗಡಿಯಲ್ಲಿ. ಕೊನೇ ಅಧ್ಯಾಯ ಓದಿ. ಕೊನೇ ಸಾಲು ಜನರ ಮುಂದೆ ಹೇಳಿ. ಸೋಮವಾರದ ಮೊದಲ ಅಂಚೆಗೆ ಹಾಕಿ. ಕಟ್ಟಳೆ ಎಲ್ಲಿ ಮುರೀತು?"

ಎಫಿ ಚಹಾದ ಬಟ್ಟಲನ್ನು ಕೆಳಗಿಟ್ಟು ಬೆರಳು ಮಡಿಸಿ ಲೆಕ್ಕ ಹಾಕಿದಳು. "ಎಲ್ಲೂ ಮುರೀಲಿಲ್ಲ," ಅಂದಳು ಕೊನೆಗೆ. "ಆದ್ರೆ ಮಿಸ್ಟರ್ ರಾಥ್‌ವೆಲ್, ನೀವೂ ಇರ್ತೀರಾ?"

"ನನ್ನ ಅಂಗಡಿಯಲ್ಲಿ ನಾನಿಲ್ದೆ ಇನ್ಯಾರಿರ್ತಾರೆ?"

"ಆಯ್ತು ಹಾಗಾದ್ರೆ," ಅಂದಳು, ನನ್ನ ಬಗ್ಗೆ ಸ್ವಲ್ಪ ಮರುಕವಿದ್ದವಳ ಹಾಗೆ.

ಭಾನುವಾರ ಆಟ ಆಡಿಸಿ ದುಡ್ಡು ತೆಗೆದುಕೊಳ್ಳುವುದು ಕಾನೂನಿಗೆ ಆಗದು. ಆದ್ದರಿಂದ ಶನಿವಾರವೇ ಒಂದೇ ಪುಸ್ತಕವನ್ನು ಮೂವತ್ತೊಂದು ಜನಕ್ಕೆ ಬಾಡಿಗೆಗೆ ಕೊಟ್ಟೆ. ಭಾನುವಾರ ಅವರೆಲ್ಲ ಅದನ್ನು ಓದಲು ಒಟ್ಟಿಗೆ ಬಂದರು. ಇದರಲ್ಲಿ ತಪ್ಪೇನಿದೆ? ಕಿಟಕಿಯ ಪರದೆ ಇಳಿಸಿ, ಭರಣಿಗಳನ್ನು ಮೇಲಕ್ಕೇರಿಸಿ, ಜನರನ್ನು ಪೆಟ್ಟಿಗೆಗಳ ಮೇಲೆ ಕೂರಿಸಿದೆ. ಮುಂದಿನ ಸಾಲಿನಲ್ಲಿ ಮಿಸೆಸ್ ಟಾಟರ್ಸಾಲ್, ಅವಳ ಪಕ್ಕ ಬಾರ್ಟ್ಲ್. ಎಫಿಗೆ ಗಲ್ಲಾದ ಬಳಿ, ತಕ್ಕಡಿಯ ಪಕ್ಕದಲ್ಲಿ ಸ್ಟೂಲು. ಅವಳಿಗೆ ಸ್ಟೂಲೇ ಅಭ್ಯಾಸ. ಅವಳ ಹಿಂದೆ ಗಲ್ಲಾಕ್ಕೆ ಒರಗಿ ನಾನು. ಲಯೊನೆಲ್ ತಡವಾಗಿ ಬಂದು, ಎಲ್ಲರೂ ನೋಡುವ ತನಕ ಬಾಗಿಲಲ್ಲೇ ನಿಂತು, ಆಮೇಲೆ ಬಂದು ಎಫಿಯ ಎದುರಿಗೆ ಕಂಬಕ್ಕೆ ಆತುಕೊಂಡ.

ಎಫಿ ಓದತೊಡಗಿದಳು. ತುಟಿ ಅಲ್ಲಾಡುವುದು ಕಂಡಿತು. ಮೂವತ್ತೊಂದು ಕತ್ತುಗಳು ಮುಂದಕ್ಕೆ ಬಾಗಿದವು.

"ಏನೂ ಕೇಳಿಸ್ತಿಲ್ಲ, ಚಿನ್ನಾ," ಅಂದಳು ಮಿಸೆಸ್ ಟಾಟರ್ಸಾಲ್.

ಎಫಿ ಕೆಮ್ಮಿ, ಪುದೀನಾ ಚಪ್ಪರಿಸಿ, ಮತ್ತೆ ಓದಿದಳು. ಅದೇ ಪಿಸುಮಾತು. ಕುತ್ತಿಗೆ ಕೆಂಪಾಯಿತು. ನಾನು ಯೋಚಿಸಿದ್ದೇ ಬೇರೆ, ಈ ಮುಖ್ಯ ವಿಷಯವನ್ನೇ ಮರೆತಿದ್ದೆ: ಇವಳ ಕೊನೆಯ ಸಾಲು ಜನರಿಗೆ ಕೇಳಿಸದೆ ಹೋದರೆ ಅದು ಪ್ರದರ್ಶನವೇ ಅಲ್ಲ.

ಆಗ ಲಯೊನೆಲ್ ಬಾಯಿ ತೆರೆದ. ಅವನು ಅದನ್ನು ಯೋಚಿಸಿ ಮಾಡಿದ್ದಲ್ಲವೆಂದು ಆಣೆ ಇಟ್ಟು ಹೇಳಬಲ್ಲೆ. ಎದುರಿಗೆ ಎಫಿ ಪಿಸುಗುಟ್ಟುತ್ತಿದ್ದಾಳೆ, ಮುಂದೆ ಜನ ಕಾಯುತ್ತಿದ್ದಾರೆ. ಅವನ ಗಂಟಲು ತಾನಾಗಿ ಹೊರಟಿತು. ಅವಳು ಒಂದು ಸಾಲು ಉಸುರಿದರೆ ಅದೇ ಸಾಲು ಅವನ ಬಾಯಲ್ಲಿ ಭರಣಿಗಳನ್ನು ನಡುಗಿಸಿಕೊಂಡು ಬಂತು. ಇನ್‌ಸ್ಪೆಕ್ಟರ್ ಮಾತಾಡಿದ, ನಾಯಕಿ ಅತ್ತಳು, ವೈದ್ಯ ತೊದಲಿದ. ತಂಬಾಕಿನವನ ಮಾತು ಬಂದಾಗ ಲಯೊನೆಲ್ ಬೇಕೆಂದೇ ನನ್ನ ಹಾಗೆ ಮೂಗಿನಲ್ಲಿ ಹೇಳಿದ. ಜನ ನಕ್ಕರು. ನಾನೂ ನಕ್ಕೆ.

ಕೊನೆಗೆ ಇನ್‌ಸ್ಪೆಕ್ಟರ್ ಡಬ್ಬಿ ಎತ್ತಿಹಿಡಿದ. "ಈ ಮುಚ್ಚಳದ ಮೇಲಿರುವ ಹೆಬ್ಬೆರಳಿನ ಗುರುತು ಹಳೆಯದಲ್ಲ," ಅಂದ ಲಯೊನೆಲ್. "ಕೊಲೆಗಾರ ಬೇರೆ ಯಾರೂ ಅಲ್ಲ."

ಎಫಿ ಹಾಳೆಯಿಂದ ತಲೆ ಎತ್ತಿದಳು. ಮುಂದಿನದು ಹಾಳೆಯಲ್ಲಿ ಇರಲಿಲ್ಲ. ಇಷ್ಟು ದಿನ ಬಾಯೊಳಗೆ ಇಟ್ಟುಕೊಂಡದ್ದನ್ನು ಪಿಸುಗುಟ್ಟಿದಳು. ಹತ್ತಿರದಲ್ಲಿದ್ದವರು ಇಬ್ಬರೇ, ಲಯೊನೆಲ್ ಮತ್ತು ನಾನು. ಆದ್ದರಿಂದ ಇಬ್ಬರಿಗೇ ಕೇಳಿಸಿತು.

"ಎದುರು ಅಂಗಡಿಯ ತಂಬಾಕಿನವನು. ಅವನ ತೂಕದ ಮೋಸ ಸತ್ತ ಇಬ್ಬರಿಗೂ ಗೊತ್ತಾಗಿತ್ತು. ಈ ಗುರುತಿನ ಜೋಡಿ ಅವನ ತಕ್ಕಡಿಯ ಮೇಲಿದೆ."

ನನ್ನ ಕೈ ತಕ್ಕಡಿಯ ಮೇಲಿತ್ತು. ತೆಗೆದೆ. ಮೂವತ್ತೊಂದು ಗಿರಾಕಿಗಳು, ಒಬ್ಬೊಬ್ಬರೂ ವಾರವಾರ ನನ್ನಿಂದ ತೂಗಿಸಿಕೊಂಡು ಹೋಗುವವರು, ಲಯೊನೆಲ್‌ನ ಬಾಯನ್ನೇ ನೋಡುತ್ತಿದ್ದರು. ಲಯೊನೆಲ್ ನನ್ನನ್ನು ನೋಡಿದ, ಎಫಿಯನ್ನು ನೋಡಿದ. ಅವಳು ಪಿಸುಗುಟ್ಟಿದ ಮಾತನ್ನು ಅವನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಿಟ್ಟವನಲ್ಲ. ಅವನು ಕಂಬದಿಂದ ಈಚೆ ಬಂದು, ಕೋಟು ಸರಿಪಡಿಸಿಕೊಂಡು, ಕೈ ಎತ್ತಿದ.

"ನಾನೇ," ಅಂದ. "ನಾನು ಸತ್ತಿರಲೇ ಇಲ್ಲ. ಸತ್ತ ಹಾಗೆ ಅಭಿನಯಿಸಿದೆ. ನಾನೂರು ಸಲ ನಂಬಿದವರು ನಾನೂರ ಒಂದನೇ ಸಲವೂ ನಂಬಿದಿರಿ. ಡಬ್ಬಿ ನನ್ನದು, ಬೆರಳೂ ನನ್ನದು. ನನ್ನ ಮಾತಿಗೆ ಕತ್ತರಿ ಹಾಕಿದ ಮ್ಯಾನೇಜರ್ ಪೆಟ್ಟಿಗೆಯಲ್ಲಿದ್ದಾನೆ."

ಅಂಗಡಿ ತುಂಬ ಚಪ್ಪಾಳೆ. ಬಾರ್ಟ್ಲ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತ, "ಅದನ್ನೇ ಅಂದ್ಕೊಂಡಿದ್ದೆ, ಈ ಮನುಷ್ಯ ಎರಡು ಸಾಲಿಗೋಸ್ಕರ ಕೊಲೇನೂ ಮಾಡ್ತಾನೆ," ಎಂದ. ಮಿಸೆಸ್ ಟಾಟರ್ಸಾಲ್ ಕಣ್ಣು ಒರೆಸಿಕೊಂಡು, "ಆ ಕುಡುಕ ವೈದ್ಯನ ವಿಷಯದಲ್ಲಿ ನಂಗೆ ಆಗ್ಲೇ ಅನುಮಾನ ಇತ್ತು, ನಾಡಿ ಹಿಡಿದಿರ್ಲಿಲ್ಲ," ಅಂದಳು. ಲಯೊನೆಲ್ ಮೂರು ಕಡೆಗೂ ಬಾಗಿ ನಮಸ್ಕರಿಸಿದ. ನಾಲ್ಕನೇ ಕಡೆ ಗೋಡೆ ಇತ್ತು, ಅದಕ್ಕೂ ಬಾಗಿದ.

ಎಫಿ ಸ್ಟೂಲಿನ ಮೇಲೆ ಕೂತೇ ಇದ್ದಳು. ಎಲ್ಲರೂ ಹೋದ ಮೇಲೆ ನಾವು ಮೂವರು ಉಳಿದೆವು.

"ಕ್ಷಮಿಸು, ಎಫಿ," ಅಂದ ಲಯೊನೆಲ್, ಮೊದಲ ಸಲ ಸಣ್ಣ ದನಿಯಲ್ಲಿ. "ಊರಲ್ಲಿ ನನ್ನ ತಂಬಾಕು ಸಿಗೋದು ಇವನ ಹತ್ರ ಮಾತ್ರ. ಇವನನ್ನ ಗಲ್ಲಿಗೇರಿಸಿದ್ರೆ ನಾನೆಲ್ಲಿಗೆ ಹೋಗ್ಲಿ?"

"ಅದಕ್ಕೇನಾ ಹೇಳಿದ್ದು?" ಅಂದಳು ಎಫಿ.

ಅವನು ಊರುಗೋಲು ತಿರುಗಿಸಿದ. "ಹತ್ತೊಂಬತ್ತನೇ ಪುಟ, ಎಫಿ. ನೀನೇ ನನ್ನ ಜಾಗದಲ್ಲಿ ನಿಂತು ನೋಡು."

ಎಫಿ ಪೆನ್ನು ತೆಗೆದಳು. ಈಗ ಏನು ಬರೆಯುತ್ತಾಳೋ ಎಂದು ನಾನು ಗಲ್ಲಾದ ಮೇಲೆ ಬಾಗಿ ನೋಡಿದೆ. "ಮಿಸ್ ಗ್ರಿಮ್‌ಶಾ," ಅಂದೆ, "ಪುಸ್ತಕ ನಿಮ್ಮದು. ಅವನು ಕೆಡಿಸಿದ್ದನ್ನ ನೀವು ಸರಿ ಮಾಡಬಹುದು." ಹೀಗೆ ಹೇಳಿದ್ದಕ್ಕೆ ಆಮೇಲೆ ನನಗೇ ಆಶ್ಚರ್ಯವಾಯಿತು.

"ಜನರಿಗೆ ಏನು ಕೇಳಿಸ್ತೋ ಅದೇ ಸಾಲು, ಮಿಸ್ಟರ್ ರಾಥ್‌ವೆಲ್. ಪರದೆ ಬಿದ್ದ ಮೇಲೆ ಬದಲಾಯಿಸೋ ಹಾಗಿಲ್ಲ." ಲಯೊನೆಲ್ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದು, ಕೆಳಗೆ ಗೆರೆ ಎಳೆದಳು. ಬರೆದದ್ದನ್ನು ಓದಿಕೊಂಡು, "ನನ್ನದಕ್ಕಿಂತ ಚೆನ್ನಾಗಿದೆ," ಅಂದಳು. "ಇಷ್ಟು ವರ್ಷದಲ್ಲಿ ಇವರು ನನಗೆ ಕೊಟ್ಟಿದ್ದು ಇದೊಂದೇ ಸಾಲು."

ಸೋಮವಾರದ ಅಂಚೆಗೆ ನಾನೇ ಹಾಕಿ ಬಂದೆ.

ಪುಸ್ತಕ ಏಪ್ರಿಲ್‌ನಲ್ಲಿ ಬಂತು. ಹಳದಿ ರಟ್ಟು, ಒಂದು ಹೆಬ್ಬೆರಳಿನ ಚಿತ್ರ, ಅದರ ಕೆಳಗೆ ಕಪ್ಪಕ್ಷರದಲ್ಲಿ ಎಫಿ ಗ್ರಿಮ್‌ಶಾ. ಮೊದಲ ಪ್ರತಿ ತಂದ ದಿನ ಆಕೆ ಗಲ್ಲಾದ ಮುಂದೆ ನಿಂತು ತನ್ನ ಹೆಸರನ್ನು ಮೂರು ಸಲ ಓದಿದಳು. ಮೂರನೇ ಸಲ ನನಗೂ ಕೇಳಿಸಿತು. ನಾನು ನಾಲ್ಕು ಪ್ರತಿ ಕೊಂಡು ಬಾಡಿಗೆಗೆ ಇಟ್ಟೆ. ಅಂಚುಗಳು ಜೂನ್ ಹೊತ್ತಿಗೆ ಕಪ್ಪಗಾದವು. ನಾಲ್ಕರಲ್ಲೂ ಹದಿನೇಳನೇ ಪುಟದಲ್ಲಿ ಪೆನ್ಸಿಲ್ ಗುರುತಿದೆ. ಲಯೊನೆಲ್ ಮಾತ್ರ ತನ್ನ ಪ್ರತಿಯ ಕೊನೆಯ ಪುಟವನ್ನು ಕತ್ತರಿಸಿ ಕೈಚೀಲದಲ್ಲಿ ಇಟ್ಟುಕೊಂಡಿದ್ದಾನೆ. ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಾನೆ.

ಎಫಿ ಈಗಲೂ ಅದೇ ಸ್ಟೂಲಿನ ಮೇಲೆ. ಎರಡನೇ ಪುಸ್ತಕ ಮುಗಿಯುತ್ತ ಬಂದಿದೆ. ಹೋದ ಗುರುವಾರ ಕಟ್ಟು ತಂದು ಕೊಟ್ಟಳು, ಓದಿದೆ. ಅದರಲ್ಲೂ ಒಬ್ಬ ತಂಬಾಕಿನವನಿದ್ದಾನೆ. ಮೊದಲ ಅಧ್ಯಾಯದಲ್ಲಿ ಬಂದು ನಗುನಗುತ್ತ ಮಾತಾಡಿ ಹೋಗುತ್ತಾನೆ, ಬೆರಳಿನ ಸುದ್ದಿ ಎಲ್ಲೂ ಇಲ್ಲ. ಕೊನೆಯ ಪುಟ ಖಾಲಿ.

"ಈ ಸಲ ಯಾರು, ಮಿಸ್ ಗ್ರಿಮ್‌ಶಾ?" ಅಂದೆ.

"ಟಂ ಟಟಂ ಟಂ," ಅಂದಳು. "ಕಾಲು ಪೌಂಡ್ ಪುದೀನಾ ಕೊಡಿ."

ಭರಣಿ ಇಳಿಸಿದೆ. ಕೈ ಎರಡನ್ನೂ ಅವಳಿಗೆ ಕಾಣುವ ಹಾಗೆ ಇಟ್ಟುಕೊಂಡು ತೂಗಿದೆ, ತಟ್ಟೆ ಕೆಳಗೆ ಹೋಗಿ ನಿಂತ ಮೇಲೆ ಇನ್ನೆರಡು ಹಾಕಿದೆ. ಎಫಿ ಮುಳ್ಳನ್ನು ನೋಡುತ್ತ ನಿಂತಿದ್ದಳು. ಮೂರನೆಯದನ್ನೂ ಹಾಕಿದೆ.